ಬ್ರೌಸರ್ ಹಿಸ್ಟರಿಗೂ ಒಂದು ಮಳೆ ಪುಸ್ತಕ

ನಮ್ಮ ಮನೆಯ ಜಗಲಿ ಗೂಡಿನಲ್ಲಿ ಒಂದು ಮಳೆ ಪುಸ್ತಕ ಇದೆ. ಮೂಡಿಗೆರೆ ಕಡೆಯ ತೋಟದ ಮನೆಗಳಲ್ಲಿ ಇದೇನೂ ವಿಶೇಷವಲ್ಲ. ಬೆಳಗ್ಗೆ ಎದ್ದು ಅಂಗಳದ ಮಳೆಮಾಪಕದಲ್ಲಿ ನಿಂತ ನೀರನ್ನು ಅಳತೆಯ ಗಾಜಿಗೆ ಸುರಿಯುವುದು, ಎಷ್ಟಿದೆ ಅಂತ ನೋಡಿ ಬರೆದಿಡುವುದು. ದೇಶವೆಲ್ಲ ಮಿಲಿಮೀಟರಿಗೆ ಹೋಗಿದ್ದರೂ ಕಾಫಿಯವರು ಇನ್ನೂ ಇಂಚು, ಸೆಂಟ್ ಬಿಟ್ಟಿಲ್ಲ. ನೂರು ಸೆಂಟ್ ಸೇರಿದರೆ ಒಂದಿಂಚು. ಅಪ್ಪನ ಪುಸ್ತಕದಲ್ಲಿ ಅಂಕಿಯ ಪಕ್ಕ ಒಂದು ಷರಾ ಕಾಲಂ ಇದೆ. ‘ಹೂಮಳೆ’, ‘ಆಳು ಬರಲಿಲ್ಲ’, ‘ಮೇಲಿನ ಪಟ್ಟೆ ಹೂ ಬಿಟ್ಟಿತು’, ಹೀಗೆ ಮೂರು ನಾಲ್ಕು ಪದ. ಆ ಪುಸ್ತಕವನ್ನು ಯಾರೂ ಮೊದಲಿಂದ ಕೊನೆವರೆಗೆ ಓದುವುದಿಲ್ಲ. ಮಾರ್ಚ್ ಬಂದಾಗ ಹೋದ ಮಾರ್ಚನ್ನು, ಅದರ ಹಿಂದಿನ ಮಾರ್ಚನ್ನು ತೆಗೆದು ನೋಡುತ್ತಾರೆ.

ಮೂರು ವರ್ಷದ ಹಿಂದೆ ಮೇ ಕೊನೆಯಲ್ಲಿ, ಮುಂಗಾರಿಗೆ ಮುಂಚೆ ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಯಲು ತಯಾರಿ ನಡೆದಿತ್ತು. ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಸುಣ್ಣ ಕಡಿಮೆಯಾದರೆ ತಾಮ್ರ ಎಲೆಯನ್ನು ಸುಡುತ್ತದೆ. ಅದನ್ನು ಪರೀಕ್ಷಿಸಲು ಉಜ್ಜಿದ ಕಬ್ಬಿಣದ ಕತ್ತಿಯನ್ನು ದ್ರಾವಣಕ್ಕೆ ಅದ್ದುತ್ತಾರೆ. ಅಲಗಿನ ಮೇಲೆ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು ಅಂತ ಅರ್ಥ. ಅಪ್ಪ ಒಳಗೆ ಬಂದು, ‘ಹೋದ್ ವರ್ಷ ಒಂದು ತೋರ್ಸಿದ್ಯಲ್ಲ ಮಾರಾಯ, ಕತ್ತಿ ಅದ್ದಿದ ಫೋಟೋ ಇತ್ತಲ್ಲ, ಅದನ್ನ ಇನ್ನೊಂದ್ಸಲ ತೆಗಿ’ ಅಂದರು.

ಬ್ರೌಸರ್ ಹಿಸ್ಟರಿ ತೆರೆದೆ. ಮಾರ್ಚಿನ ಒಂದಷ್ಟು ದಿನದವರೆಗೆ ಇತ್ತು, ಅದರಾಚೆ ಖಾಲಿ. ಸರ್ಚ್ ಮಾಡಿದರೆ ಬೋರ್ಡೋ ಬಗ್ಗೆ ನೂರೆಂಟು ಪುಟ ಬಂತು, ಆ ಫೋಟೋ ಇದ್ದದ್ದು ಬರಲಿಲ್ಲ. ಅಪ್ಪನಿಗೆ ಮಾತ್ರ ಆ ದಿನ ಚೆನ್ನಾಗಿ ನೆನಪಿತ್ತು: ‘ಗುಡುಗಿಗೆ ಕರೆಂಟ್ ಹೋಗಿತ್ತು, ನಿನ್ ಲ್ಯಾಪ್‌ಟಾಪ್ ಚಾರ್ಜ್ ಮುಗಿಯೋದ್ರೊಳಗೆ ನೋಡಿದ್ದು, ಚಿಕ್ಕಪ್ಪನೂ ಇದ್ದ.’ ಮಳೆ ಪುಸ್ತಕ ತೆಗೆದು ನಿಮಿಷದಲ್ಲಿ ತಾರೀಕು ಹಿಡಿದರು: ಮೇ 22, ಎರಡಿಂಚು ಹತ್ತು ಸೆಂಟ್, ಗುಡುಗು, ಕರೆಂಟ್ ಇಲ್ಲ. ತಾರೀಕು ಸಿಕ್ಕಿತು, ಪುಟ ಸಿಗಲಿಲ್ಲ. ನಾನು ಕಂಪ್ಯೂಟರಿಗೆ ಪ್ರೋಗ್ರಾಂ ಬರೆದು ಬದುಕುವವನು. ಕಾಗದದ ಪುಸ್ತಕ ಮಾಡಿದ ಕೆಲಸವನ್ನು ನನ್ನ ಯಂತ್ರ ಮಾಡಲಿಲ್ಲವಲ್ಲ ಎಂಬ ಬೇಸರ ಬಹಳ ದಿನ ಕಾಡಿತು. ಆಮೇಲೆ ಬಿಡುವಿದ್ದಾಗಲೆಲ್ಲ ನನ್ನದೇ ಹಿಸ್ಟರಿಯನ್ನು ತಿರುಗಿ ನೋಡುವ ಒಂದು ಸಾಧನ ಕಟ್ಟುತ್ತಾ ಬಂದೆ. ಅದರಲ್ಲಿ ಏನೇನು ತೊಡಕಿದೆ, ಯಾವುದನ್ನು ಯಾಕೆ ಹಾಗೆ ಮಾಡಬೇಕಾಯಿತು ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಮೊದಲಿಗೆ ಒಂದು ವ್ಯತ್ಯಾಸ. ನೋಡಿದ ಪುಟವನ್ನು ಮತ್ತೆ ಹುಡುಕುವುದು ಒಂದು ಕೆಲಸ. ನೋಡಿದ್ದರ ಕಡೆಗೆ ತಿರುಗಿ ನೋಡುವುದು ಇನ್ನೊಂದು. ಮೊದಲನೆಯದಕ್ಕೆ ಬ್ರೌಸರ್ ಮಾಡಿದವರು ಸಾಕಷ್ಟು ತಲೆ ಕೆಡಿಸಿಕೊಂಡಿದ್ದಾರೆ. ಕೆನಡಾದ ಕ್ಯಾಲ್ಗರಿ ವಿಶ್ವವಿದ್ಯಾಲಯದ ಟಾಷರ್ ಮತ್ತು ಗ್ರೀನ್‌ಬರ್ಗ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜನ ತೆರೆಯುವ ಪುಟಗಳಲ್ಲಿ ಸುಮಾರು ಶೇಕಡಾ 58ರಷ್ಟು ಮೊದಲೇ ನೋಡಿದವು ಎಂದು ಕಂಡುಬಂತು. ಅಂದರೆ ಅರ್ಧಕ್ಕಿಂತ ಹೆಚ್ಚು ಓಡಾಟ ಹಳೇ ದಾರಿಯಲ್ಲೇ. ಎರಡಕ್ಷರ ಟೈಪ್ ಮಾಡುವಷ್ಟರಲ್ಲಿ ಬ್ರೌಸರಿನ ಮೇಲ್ಗಡೆಯ ವಿಳಾಸ ಪಟ್ಟಿ ಪೂರ್ತಿ ಹೆಸರು ತೋರಿಸುವುದು, ನೋಡಿದ ಕೊಂಡಿಯ ಬಣ್ಣ ಬದಲಾಗುವುದು ಎಲ್ಲ ಇದಕ್ಕಾಗಿಯೇ. ಎರಡನೇ ಕೆಲಸದ ಪ್ರಶ್ನೆಗಳೇ ಬೇರೆ: ಆಗ ನನಗೆ ಏನು ಬೇಕಿತ್ತು? ಸಿಕ್ಕಿತೇ? ಅದೇ ಸಂಶಯವನ್ನು ಮೂರು ವರ್ಷದಿಂದ ಹುಡುಕುತ್ತಲೇ ಇದ್ದೇನೆಯೇ? ಇವಕ್ಕೆ ಉತ್ತರ ಕೊಡುವಂತೆ ನಾನು ಬಳಸಿದ ಯಾವ ಬ್ರೌಸರ್‌ನ ಹಿಸ್ಟರಿ ಪುಟವನ್ನೂ ಕಟ್ಟಿಲ್ಲ.

ಬ್ರೌಸರ್ ಏನು ಬರೆದುಕೊಳ್ಳುತ್ತದೆ

ಹಿಸ್ಟರಿ ಅಂದರೆ ನಿಮ್ಮ ಕಂಪ್ಯೂಟರಿನಲ್ಲೇ ಇರುವ ಒಂದು ಕಡತ. ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರೂ ಇದಕ್ಕೆ ಎಸ್‌ಕ್ಯೂಲೈಟ್ ಎಂಬ ಪುಟ್ಟ ಡೇಟಾಬೇಸನ್ನೇ ಬಳಸುತ್ತವೆ. ಒಳಗೆ ಮುಖ್ಯವಾಗಿ ಎರಡು ಪಟ್ಟಿ. ಒಂದರಲ್ಲಿ ಪುಟದ ವಿಳಾಸ, ಶೀರ್ಷಿಕೆ, ಎಷ್ಟು ಸಲ ನೋಡಿದ್ದು. ಇನ್ನೊಂದರಲ್ಲಿ ಪ್ರತಿ ಭೇಟಿಗೂ ಒಂದು ಸಾಲು: ಯಾವ ಹೊತ್ತಿಗೆ, ಯಾವ ಪುಟದಿಂದ, ಹೇಗೆ ಬಂದಿರಿ, ಅಂದರೆ ಕೊಂಡಿ ಒತ್ತಿಯೋ, ವಿಳಾಸ ಟೈಪ್ ಮಾಡಿಯೋ, ರಿಲೋಡ್ ಮಾಡಿಯೋ.

ಹೊತ್ತಿನ ಕಾಲಂನಲ್ಲಿ ನಿಮಗೆ ಸಿಗುವುದು 13365475200000000 ಎಂಬಂಥ ಹದಿನೇಳಂಕಿಯ ಸಂಖ್ಯೆ. ಕ್ರೋಮ್‌ನ ಪ್ರಕಾರ ಇದು 1601ರ ಜನವರಿ 1ರಿಂದ ಈಚೆಗೆ ಕಳೆದ ಮೈಕ್ರೋಸೆಕೆಂಡುಗಳು. ಸೆಕೆಂಡಿಗೆ ಹತ್ತು ಲಕ್ಷ. ಗ್ರೆಗೋರಿಯನ್ ಪಂಚಾಂಗದ ಅಧಿಕ ವರ್ಷಗಳ ಲೆಕ್ಕ 400 ವರ್ಷಕ್ಕೊಮ್ಮೆ ಸುತ್ತು ಬರುತ್ತದೆ, 1601 ಅಂಥ ಒಂದು ಸುತ್ತಿನ ಮೊದಲ ವರ್ಷ. ವಿಂಡೋಸ್ ಹಿಡಿದ ಆ ಲೆಕ್ಕವನ್ನು ಕ್ರೋಮ್ ಮುಂದುವರಿಸಿದೆ. ಫೈರ್‌ಫಾಕ್ಸ್ 1970ರಿಂದ ಎಣಿಸುತ್ತದೆ, ಸಫಾರಿ 2001ರಿಂದ. ಮೂರನ್ನೂ ಒಂದೇ ಕಡೆ ತರಬೇಕಾದರೆ ಮೊದಲು ಈ ಮೂರು ಪಂಚಾಂಗವನ್ನು ಹೊಂದಿಸಿಕೊಳ್ಳಬೇಕು. ಮೇಲಿನ ಸಂಖ್ಯೆಯನ್ನು ಬಿಡಿಸಿದರೆ 2024ರ ಜುಲೈ 15, ಬೆಳಗ್ಗೆ ಐದೂವರೆ ಎಂದಾಗುತ್ತದೆ. ಅದೂ ಭಾರತದ ಹೊತ್ತು ಅಂತ ಐದೂವರೆ ಗಂಟೆ ಕೂಡಿಸಿದ ಮೇಲೆ. ಕಡತದಲ್ಲಿರುವುದು ಗ್ರೀನಿಚ್ ಕಡೆಯ ಹೊತ್ತು. ಕೂಡಿಸುವುದನ್ನು ಮರೆತರೆ ನಸುಕಿನಲ್ಲಿ ಎದ್ದು ಮಳೆ ಮುನ್ಸೂಚನೆ ನೋಡಿದ್ದೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತದೆ. ಮಳೆ ಪುಸ್ತಕದ ಜೊತೆ ತಾಳೆ ಹಾಕುವ ನನಗೆ ಈ ಒಂದು ದಿನದ ವ್ಯತ್ಯಾಸ ದೊಡ್ಡದು.

ಇನ್ನು ಎಷ್ಟು ದಿನ ಇಟ್ಟುಕೊಳ್ಳುತ್ತವೆ ಅನ್ನುವುದು. ಕ್ರೋಮ್ ಕಂಪ್ಯೂಟರಿನಲ್ಲಿ ಸುಮಾರು 90 ದಿನ. ಫೈರ್‌ಫಾಕ್ಸ್ ದಿನ ಎಣಿಸುವುದಿಲ್ಲ, ಪುಟಗಳ ಸಂಖ್ಯೆಗೆ ಮಿತಿ ಇಟ್ಟುಕೊಂಡು ಹಳೆಯದನ್ನು ಬಿಡುತ್ತಾ ಹೋಗುತ್ತದೆ. ಮ್ಯಾಕ್‌ನ ಸಫಾರಿಯಲ್ಲಿ ಒಂದು ದಿನದಿಂದ ಒಂದು ವರ್ಷದವರೆಗೆ ನೀವೇ ಆರಿಸಬಹುದು, ತಾನಾಗಿ ಅಳಿಸಬೇಡ ಅಂತಲೂ ಹೇಳಬಹುದು. ಪೇಟೆಯ ವೇಗಕ್ಕೆ ಮೂರು ತಿಂಗಳು ಧಾರಾಳ ಇರಬಹುದು. ಕಾಫಿಗೆ ಅದು ಏನೇನೂ ಸಾಲದು. ಕಾಫಿ ಹೂ ಬಿಡಿಸುವ ಹೂಮಳೆ ಬರುವುದು ವರ್ಷಕ್ಕೊಂದು ಸಲ, ಕೊಳೆರೋಗದ ಭಯ ವರ್ಷಕ್ಕೊಂದು ಸಲ, ಕೊಯ್ಲು ವರ್ಷಕ್ಕೊಂದು ಸಲ. ಮಾರ್ಚಿನಲ್ಲಿ ಓದಿದ್ದು ಮತ್ತೆ ಬೇಕಾಗುವುದು ಮುಂದಿನ ಮಾರ್ಚಿನಲ್ಲೇ, ಅಷ್ಟೊತ್ತಿಗೆ ಅದು ಹೋಗಿ ಒಂಬತ್ತು ತಿಂಗಳಾಗಿರುತ್ತದೆ. ತೋಟಕ್ಕೆ ಮಾತ್ರ ಅಲ್ಲ. ಆದಾಯ ತೆರಿಗೆ, ಮಕ್ಕಳ ಶಾಲೆ ಸೇರ್ಪಡೆ, ವಾಹನದ ವಿಮೆ, ಹಬ್ಬದ ಅಡಿಗೆ ಎಲ್ಲಕ್ಕೂ ವರ್ಷದ ಸುತ್ತೇ.

ಹಾಗಾಗಿ ಸಾಧನದ ಮೊದಲ ಕೆಲಸ ತೀರಾ ಸರಳ. ವಾರಕ್ಕೊಮ್ಮೆ ಆ ಕಡತವನ್ನು ನಕಲು ಮಾಡಿ, ಹೊಸ ಸಾಲುಗಳನ್ನು ನನ್ನದೇ ಡೇಟಾಬೇಸಿಗೆ ಸೇರಿಸುವುದು. ನಕಲು ಯಾಕೆ ಅಂದರೆ, ಬ್ರೌಸರ್ ತೆರೆದಿರುವಾಗ ಮೂಲ ಕಡತಕ್ಕೆ ಬೀಗ ಬಿದ್ದಿರುತ್ತದೆ, ನೇರವಾಗಿ ಓದಲು ಹೋದರೆ ಬಿಡುವುದಿಲ್ಲ. ಈ ಕೆಲಸಕ್ಕೆ ಬ್ರೌಸರಿಗೆ ಸೇರಿಸಿಕೊಳ್ಳುವ ಪುಟ್ಟ ಪ್ರೋಗ್ರಾಂಗಳು, ಅಂದರೆ ಸಿದ್ಧ ಎಕ್ಸ್‌ಟೆನ್ಷನ್‌ಗಳೂ ಇವೆ. ಆದರೆ ಹಿಸ್ಟರಿ ಓದುವ ಅನುಮತಿ ಕೊಟ್ಟರೆ ಇರುವಷ್ಟೂ ಹಿಸ್ಟರಿ ಅದರ ಕೈಗೆ ಹೋಯಿತು ಅಂತಲೇ ಲೆಕ್ಕ. ಯಾರು ಬರೆದದ್ದು ಅಂತ ಗೊತ್ತಿಲ್ಲದ ಎಕ್ಸ್‌ಟೆನ್ಷನ್‌ಗೆ ನಾನು ಆ ಅನುಮತಿ ಕೊಡುವುದಿಲ್ಲ. ಫೋನಿನಲ್ಲಿ ಇನ್ನೊಂದು ಕಷ್ಟ. ಅಲ್ಲಿ ಒಂದು ಆ್ಯಪ್‌ನ ಕಡತವನ್ನು ಇನ್ನೊಂದು ಆ್ಯಪ್ ಮುಟ್ಟುವಂತಿಲ್ಲ, ಒಳ್ಳೆಯದೇ. ಯೂಟ್ಯೂಬ್ ಆ್ಯಪ್‌ನಲ್ಲಿ ನೋಡಿದ್ದು, ವಾಟ್ಸಾಪ್‌ನಲ್ಲಿ ಓದಿದ್ದು ಬ್ರೌಸರ್ ಹಿಸ್ಟರಿಗೆ ಬರುವುದೂ ಇಲ್ಲ. ಬೇಕಿದ್ದರೆ ಗೂಗಲ್ ಟೇಕ್‌ಔಟ್‌ನಲ್ಲಿ ನಿಮ್ಮ ಗೂಗಲ್ ಖಾತೆಯ ದಾಖಲೆಗಳನ್ನು (ಯೂಟ್ಯೂಬ್ ನೋಡಿದ್ದೂ ಸೇರಿ) ಇಳಿಸಿಕೊಂಡು ಸೇರಿಸಬಹುದು. ನಾನು ಕಂಪ್ಯೂಟರಿನದ್ದಕ್ಕೇ ನಿಲ್ಲಿಸಿದ್ದೇನೆ.

ಸೋಸುವ ಕೆಲಸ

ಹಸಿ ಹಿಸ್ಟರಿಯನ್ನು ಹಾಗೇ ತೆರೆದರೆ ಕೊಯ್ದ ಹಣ್ಣನ್ನು ಎಲೆ, ಕಡ್ಡಿ, ಕಾಯಿ ಸಮೇತ ಕಣಕ್ಕೆ ಸುರಿದ ಹಾಗಿರುತ್ತದೆ. ಒಂದು ಬ್ಯಾಂಕ್ ಪುಟ ನೋಡಲು ಹೋದರೆ ಲಾಗಿನ್ ಅಂತ ಒಂದು ಸಾಲು, ಅಲ್ಲಿಂದ ದಾಟಿಸುವ ಪುಟ ಇನ್ನೊಂದು, ಒಟಿಪಿಗೆ ಮತ್ತೊಂದು. ವಾಟ್ಸಾಪ್‌ನಿಂದ ಬಂದ ಕೊಂಡಿಗೆ ಉದ್ದನೆಯ ಬಾಲ ಇರುತ್ತದೆ. ಎಲ್ಲಿಂದ ಬಂದಿರಿ ಅಂತ ಜಾಲತಾಣದವರಿಗೆ ತಿಳಿಸುವ ಗುರುತುಗಳು ಅವು. ಬಾಲ ಬೇರೆಯಾದರೆ ಒಂದೇ ಪುಟ ಎರಡು ಪುಟವಾಗಿ ದಾಖಲಾಗುತ್ತದೆ. ಇವನ್ನೆಲ್ಲ ಕತ್ತರಿಸಿ, ದಾಟಿಸುವ ಪುಟಗಳನ್ನು ಬಿಟ್ಟು, ಕೊನೆಗೆ ತಲುಪಿದ್ದನ್ನಷ್ಟೇ ಉಳಿಸಬೇಕು.

‘ಪುಟದಲ್ಲಿ ಎಷ್ಟು ಹೊತ್ತು ಇದ್ದಿರಿ’ ಎಂಬ ಲೆಕ್ಕವನ್ನು ನಾನು ನಂಬುವುದಿಲ್ಲ. ಅಪ್ಪ ಹವಾಮಾನದ ಪುಟ ತೆರೆದಿಟ್ಟು ತೋಟಕ್ಕೆ ಹೋದರೆ ಅದು ಗಂಟೆಗಟ್ಟಲೆ ಓದಿದಂತೆ ಕಾಣುತ್ತದೆ.

ಕನ್ನಡಿಗರಿಗೆ ಇನ್ನೊಂದು ಹೆಚ್ಚುವರಿ ಸೋಸುವಿಕೆ ಇದೆ, ಇದನ್ನು ಯಾರೂ ನಮಗಾಗಿ ಮಾಡಿಕೊಡುವುದಿಲ್ಲ. ಗೂಗಲ್‌ನಲ್ಲಿ ‘ಕಾಯಿಕೊರಕ’ ಅಂತ ಹುಡುಕಿದಿರಿ ಅನ್ನಿ. ನಮ್ಮ ಕಣ್ಣಿಗೆ ಐದಕ್ಷರ. ಎಲ್ಲ ಭಾಷೆಯ ಅಕ್ಷರಗಳಿಗೂ ಸಂಕೇತ ಕೊಡುವ ಪದ್ಧತಿಯೊಂದಿದೆ, ಅದು ಯೂನಿಕೋಡ್. ಯೂನಿಕೋಡ್‌ನಲ್ಲಿ ವ್ಯಂಜನಕ್ಕೊಂದು, ಸ್ವರಚಿಹ್ನೆಗೊಂದು ಸಂಕೇತ, ಒಟ್ಟು ಎಂಟು. ಕನ್ನಡದ ಪ್ರತಿ ಸಂಕೇತಕ್ಕೆ ಮೂರು ಬೈಟ್ ಬೇಕು. ವಿಳಾಸದೊಳಗೆ ಕೂರಿಸುವಾಗ ಪ್ರತಿ ಬೈಟ್ ಒಂದು ಶೇಕಡಾ ಚಿಹ್ನೆ ಮತ್ತು ಎರಡು ಗುರುತುಗಳಾಗಿ ಬಿಚ್ಚಿಕೊಳ್ಳುತ್ತದೆ. ಎಂಟು ಮೂರಲ ಇಪ್ಪತ್ನಾಲ್ಕು, ಇಪ್ಪತ್ನಾಲ್ಕು ಮೂರಲ ಎಪ್ಪತ್ತೆರಡು. ಐದಕ್ಷರದ ಪದ ಹಿಸ್ಟರಿಯಲ್ಲಿ 72 ಗುರುತುಗಳ ಉದ್ದದ, ಯಾರೂ ಓದಲಾಗದ ಸರಪಳಿಯಾಗಿ ಕೂತಿರುತ್ತದೆ. ಅದನ್ನು ಬಿಡಿಸಿ ಮತ್ತೆ ಕನ್ನಡ ಮಾಡದಿದ್ದರೆ ಕನ್ನಡದಲ್ಲಿ ಹುಡುಕಿದ ಪ್ರಶ್ನೆಗಳೆಲ್ಲ ಕಸದ ಹಾಗೆ ಕಂಡು ಬಿಟ್ಟುಹೋಗುತ್ತವೆ. ನನ್ನ ಮೊದಲ ಆವೃತ್ತಿಯಲ್ಲಿ ಆದದ್ದೂ ಅದೇ: ಇಂಗ್ಲಿಷ್‌ನಲ್ಲಿ ಕೇಳಿದ ಪ್ರಶ್ನೆಗಳು ಮಾತ್ರ ಉಳಿದು, ನಾನು ಇಡೀ ವರ್ಷ ಇಂಗ್ಲಿಷ್‌ನಲ್ಲೇ ಯೋಚಿಸಿದವನಂತೆ ಕಂಡೆ.

ಬಿಡಿಸಿದರೂ ಮುಗಿಯುವುದಿಲ್ಲ. ‘ಕೊ’ದ ಒತ್ವವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊತ್ವದ ಚಿಹ್ನೆಗಳನ್ನು ಜೋಡಿಸಿಯೂ ಬರೆಯಬಹುದು, ಪರದೆಯಲ್ಲಿ ಎರಡೂ ಒಂದೇ ಥರ, ಯಂತ್ರಕ್ಕೆ ಬೇರೆ ಬೇರೆ ಪದ. ಯೂನಿಕೋಡ್‌ನಲ್ಲೇ ಇರುವ ನಾರ್ಮಲೈಸೇಷನ್ ಎಂಬ ಕ್ರಮ ಹಾಕಿದರೆ ಇದು ಸರಿಹೋಗುತ್ತದೆ. ಆಮೇಲೆ ನಮ್ಮ ರೂಢಿ ಇದೆ. ಅದೇ ಹುಳವನ್ನು ಬೆಳಗ್ಗೆ ‘ಕಾಯಿಕೊರಕ’ ಅಂತ, ಮಧ್ಯಾಹ್ನ ‘ಬೆರ್ರಿ ಬೋರರ್’ ಅಂತ, ರಾತ್ರಿ ಫೋನಿನಲ್ಲಿ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಹುಡುಕಿರುತ್ತೇವೆ. ಈ ಮೂರೂ ಒಂದೇ ಪ್ರಶ್ನೆ ಅಂತ ಸಾಧನಕ್ಕೆ ಗೊತ್ತಾಗಲು ನಾನು ಕೈಯಾರೆ ಒಂದು ಪದಪಟ್ಟಿ ಮಾಡಿದ್ದೇನೆ. ಮರಗಸಿ ಅಂದರೆ ಶೇಡ್ ರೆಗ್ಯುಲೇಷನ್, ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್, ಹೀಗೆ. ಇನ್ನೂರು ಸಾಲಿಗೆ ಹತ್ತಿರ ಬಂದಿದೆ. ಇಡೀ ಸಾಧನದಲ್ಲಿ ನನಗೆ ಅತ್ಯಂತ ಹೆಮ್ಮೆ ತರುವ ಭಾಗ ಇದು.

ಎಳೆ ಹಿಡಿಯುವುದು

ಸೋಸಿದ ಮೇಲೆ ಸಾವಿರಾರು ಬಿಡಿ ಸಾಲು ಉಳಿಯುತ್ತವೆ. ಒಂದೊಂದೇ ಪುಟ ಏನೂ ಹೇಳುವುದಿಲ್ಲ. ಒಂದು ಪ್ರಶ್ನೆಯಿಂದ ಶುರುವಾಗಿ ಎಲ್ಲೋ ನಿಂತ ಹಾದಿ ಹೇಳುತ್ತದೆ. ಅಂಥ ಹಾದಿಯನ್ನೇ ನಾನು ಎಳೆ ಅನ್ನುವುದು. ಇದು ಹೊಸ ವಿಚಾರವಲ್ಲ. ಅಮೆರಿಕದ ಎಂಜಿನಿಯರ್ ವ್ಯಾನೆವರ್ ಬುಷ್ 1945ರಲ್ಲೇ ಮೆಮೆಕ್ಸ್ ಎಂಬ ಯಂತ್ರವನ್ನು ಕಲ್ಪಿಸಿಕೊಂಡಿದ್ದ. ಮೇಜಿನಾಕಾರದ ಆ ಯಂತ್ರದಲ್ಲಿ ಓದುಗ ಒಂದು ದಾಖಲೆಯಿಂದ ಇನ್ನೊಂದಕ್ಕೆ ಕೊಂಡಿ ಹಾಕುತ್ತಾ ಹೋದ ಹಾದಿಯೇ ಉಳಿಯುತ್ತದೆ, ವರ್ಷಗಳ ಮೇಲೆ ಅದೇ ಹಾದಿಯಲ್ಲಿ ಮತ್ತೆ ನಡೆಯಬಹುದು. ಯಂತ್ರ ತಯಾರಾಗಲಿಲ್ಲ. ಪುಟದಿಂದ ಪುಟಕ್ಕೆ ಹಾರುವ ಕೊಂಡಿ ನಮಗೆ ಸಿಕ್ಕಿತು, ಹಾದಿ ಉಳಿಸಿಕೊಳ್ಳುವ ಭಾಗ ಮಾತ್ರ ಹಿಂದೆ ಬಿತ್ತು.

ಹಾದಿಯನ್ನು ಬೇರ್ಪಡಿಸುವ ರೂಢಿಯ ವಿಧಾನ ಸಮಯದ್ದು. ಸ್ವಲ್ಪ ಹೊತ್ತು ಏನೂ ತೆರೆಯದಿದ್ದರೆ ಒಂದು ಸಲ ಕೂತು ಮಾಡಿದ ಕೆಲಸ ಮುಗಿಯಿತು ಅಂತ. 1995ರಲ್ಲಿ ಜಾರ್ಜಿಯಾ ಟೆಕ್‌ನ ಕ್ಯಾಟ್ಲೆಜ್ ಮತ್ತು ಪಿಟ್ಕೋ ತಮ್ಮ ಅಧ್ಯಯನದಿಂದ 25.5 ನಿಮಿಷ ಎಂಬ ಗೆರೆ ಹಾಕಿದರು. ಮುಂದೆ ಅದು ಅರ್ಧ ಗಂಟೆ ಎಂದು ರೂಢಿಯಾಯಿತು. ನಮ್ಮಲ್ಲಿ ಈ ಗೆರೆ ನಿಲ್ಲುವುದಿಲ್ಲ. ಜನವರಿಯಲ್ಲಿ ಕಣದ ತುಂಬ ಕಾಫಿ ಹರಡಿರುವಾಗ ಆಕಾಶ ಕಪ್ಪಾದರೆ ಇದ್ದದ್ದು ಇದ್ದಲ್ಲೇ ಬಿಟ್ಟು ಟಾರ್ಪಾಲ್ ಹಿಡಿದು ಓಡಬೇಕು. ಕರೆಂಟ್ ಹೋದರೆ ನೆಟ್ ಹೋಯಿತು. ಮೂರು ಗಂಟೆ ಬಿಟ್ಟು ಬಂದು ಅದೇ ಪ್ರಶ್ನೆಯನ್ನು ಎಲ್ಲಿ ಬಿಟ್ಟಿದ್ದೆವೋ ಅಲ್ಲಿಂದ ಹಿಡಿಯುತ್ತೇವೆ. ಸಮಯದ ಗೆರೆ ಹಾಕಿದರೆ ಒಂದು ಎಳೆ ಮೂರು ತುಂಡಾಗುತ್ತದೆ.

ಆದ್ದರಿಂದ ನಾನು ಮೂರನ್ನು ಸೇರಿಸಿ ನೋಡುತ್ತೇನೆ. ಯಾವ ಪುಟದಿಂದ ಯಾವ ಪುಟಕ್ಕೆ ಹೋದದ್ದು ಎಂಬ ದಾಖಲೆ ಒಂದು, ಸಮಯ ಇನ್ನೊಂದು, ಪದಗಳ ಹೋಲಿಕೆ ಮತ್ತೊಂದು. ಪದಗಳಲ್ಲಿ ಎಲ್ಲಕ್ಕೂ ಒಂದೇ ತೂಕ ಕೊಡಬಾರದು. ನಮ್ಮ ಮನೆಯ ಹಿಸ್ಟರಿಯಲ್ಲಿ ‘ಕಾಫಿ’ ಅನ್ನುವ ಪದ ದಿನವೂ ಬರುತ್ತದೆ, ಅದರಿಂದ ಏನೂ ಗೊತ್ತಾಗುವುದಿಲ್ಲ. ‘ಕತ್ತಿ’ ಎಂಬ ಪದ ವರ್ಷದಲ್ಲಿ ಒಂದೇ ದಿನ ಬಂದಿದೆ. ಅದು ಬಂದರೆ ಆ ದಿನವನ್ನೇ ಬೊಟ್ಟು ಮಾಡಿ ತೋರಿಸಿದ ಹಾಗೆ. ಎಲ್ಲೆಡೆ ಬರುವ ಪದಕ್ಕೆ ಕಡಿಮೆ ತೂಕ, ಅಪರೂಪದ ಪದಕ್ಕೆ ಹೆಚ್ಚು ತೂಕ ಎಂಬ ಈ ಲೆಕ್ಕವನ್ನು 1972ರಲ್ಲಿ ಬ್ರಿಟನ್ನಿನ ಕ್ಯಾರೆನ್ ಸ್ಪಾರ್ಕ್ ಜೋನ್ಸ್ ಮುಂದಿಟ್ಟರು. ಇವತ್ತಿಗೂ ಹುಡುಕುವ ಯಂತ್ರಗಳ ಬುಡದಲ್ಲಿ ಅದು ಇದೆ.

ಇಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಹಿಂದಿರುಗಿ ನೋಡುವ ಸಾಧನ ಬ್ರೌಸರ್‌ನ ಲೆಕ್ಕವನ್ನು ತಲೆಕೆಳಗು ಮಾಡಬೇಕು. ಬ್ರೌಸರ್ ಪದೇಪದೇ ನೋಡಿದ್ದಕ್ಕೆ, ಇತ್ತೀಚೆಗೆ ನೋಡಿದ್ದಕ್ಕೆ ಮುಂದಿನ ಸಾಲು ಕೊಡುತ್ತದೆ. ಫೈರ್‌ಫಾಕ್ಸ್ ಈ ಎರಡನ್ನೂ ಕೂಡಿಸಿ ಪ್ರತಿ ಪುಟಕ್ಕೂ ಒಂದು ಅಂಕವನ್ನೇ ಇಡುತ್ತದೆ. ವಿಳಾಸ ಪಟ್ಟಿಗೆ ಅದು ಸರಿ. ಆದರೆ ಪದೇಪದೇ ನೋಡಿದ್ದು ಹವಾಮಾನ, ಕಾಫಿ ರೇಟು, ಬ್ಯಾಂಕು; ಅವು ಮರೆತುಹೋಗುವುದೇ ಇಲ್ಲ. ಬೇಕಾದದ್ದು ಒಂದೇ ಸಲ ನೋಡಿ, ಸಿಕ್ಕಿತು ಅಂತ ಹುಡುಕುವುದನ್ನೇ ನಿಲ್ಲಿಸಿದ ಪುಟ. ನನ್ನ ಸಾಧನ ಎಳೆಯ ಕೊನೆಯ ಪುಟಕ್ಕೆ ಹೆಚ್ಚು ತೂಕ ಕೊಡುತ್ತದೆ. ತಿಂಗಳುಗಳ ಅಂತರದ ಮೇಲೆ ಮತ್ತೆ ತೆರೆದ ಪುಟಕ್ಕೆ ಅದಕ್ಕಿಂತ ಹೆಚ್ಚು. ಉತ್ತರ ಸಿಗದೆ ಪ್ರತಿ ವರ್ಷ ಅದೇ ತಿಂಗಳು ಮರಳಿ ಬರುವ ಪ್ರಶ್ನೆಗೆ ಎಲ್ಲಕ್ಕಿಂತ ಹೆಚ್ಚು. ಇಂಥದ್ದೊಂದು ನನ್ನ ಹಿಸ್ಟರಿಯಲ್ಲಿ ಕಂಡಿತು: ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹೊಡೆದ ಮೇಲೆ ಎರಡನೇ ನೀರು ಯಾವಾಗ ಎಂಬುದು. ಎರಡು ವರ್ಷವೂ ಮಾರ್ಚಿನಲ್ಲಿ ಅದನ್ನೇ ಹುಡುಕಿ, ಎರಡೂ ಸಲ ಬೇರೆ ಬೇರೆ ಉತ್ತರ ಓದಿ, ಯಾವುದನ್ನೂ ಗಟ್ಟಿ ಮಾಡಿಕೊಳ್ಳದೆ ಬಿಟ್ಟಿದ್ದೆ. ಹಾಗೆ ಎದುರಿಗೆ ಕಂಡ ಮೇಲೆ ಬಾಳೆಹೊನ್ನೂರಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯವರನ್ನು ಹೋಗಿ ಕೇಳುವುದೇ ಸರಿ ಅನ್ನಿಸಿತು. ಈ ಸಲ ಪರದೆ ಮುಚ್ಚಿ ಬೈಕ್ ಹತ್ತಿದೆ.

ಗಂಟೆಗಳ ಲೆಕ್ಕ, ಬಣ್ಣದ ಚಕ್ರ, ‘ಈ ವಾರ ಇಷ್ಟು ಹೊತ್ತು ವ್ಯರ್ಥ’ ಅನ್ನುವ ಎಚ್ಚರಿಕೆ, ಇವನ್ನು ನಾನು ಬೇಕೆಂದೇ ಬಿಟ್ಟಿದ್ದೇನೆ. ಅವು ಮನುಷ್ಯನನ್ನು ತಪ್ಪಿತಸ್ಥನ ಜಾಗದಲ್ಲಿ ಕೂರಿಸುತ್ತವೆ. ಮಳೆ ಪುಸ್ತಕ ಯಾರನ್ನೂ ಬೈಯುವುದಿಲ್ಲ.

ಪಕ್ಕದ ಕಾಲಂ

ಅಪ್ಪ ಆ ಪುಟವನ್ನು ನೆನಪಿಟ್ಟುಕೊಂಡದ್ದು ಗುಡುಗಿನಿಂದ, ಕರೆಂಟಿನಿಂದ, ಚಿಕ್ಕಪ್ಪನಿಂದ. ಶೀರ್ಷಿಕೆ, ವಿಳಾಸ, ತಾರೀಕು ಯಾವುದೂ ಅವರ ತಲೆಯಲ್ಲಿರಲಿಲ್ಲ. ನೆನಪು ಹಾಗೆಯೇ ಕೆಲಸ ಮಾಡುತ್ತದೆ. 2003ರಲ್ಲಿ ಮೈಕ್ರೋಸಾಫ್ಟ್‌ನ ಸಂಶೋಧಕರು ಜನರ ಸ್ವಂತ ಕಡತಗಳನ್ನು ಕಾಲರೇಖೆಯ ಮೇಲೆ ತೋರಿಸಿ ಪರೀಕ್ಷಿಸಿದರು. ಬರೀ ತಾರೀಕು ಹಾಕಿದ ರೇಖೆಗಿಂತ, ಸುದ್ದಿ, ಹಬ್ಬ, ಸ್ವಂತ ಫೋಟೋಗಳಂಥ ಗುರುತುಗಳನ್ನು ಪಕ್ಕದಲ್ಲಿಟ್ಟಾಗ ಬೇಕಾದದ್ದು ಬೇಗ ಸಿಕ್ಕಿತು.

ನಮ್ಮ ಮನೆಯಲ್ಲಿ ಅಂಥ ಗುರುತುಗಳ ಭಂಡಾರ ಆಗಲೇ ಇತ್ತು. ಒಂದು ಮಳೆಗಾಲವಿಡೀ ಸಂಜೆ ಕೂತು ಅಪ್ಪನ ಪುಸ್ತಕದ ಹತ್ತು ವರ್ಷದ ಪುಟಗಳನ್ನು ಟೈಪ್ ಮಾಡಿದೆ. ಅಪ್ಪ ಓದುವುದು, ನಾನು ಒತ್ತುವುದು. ಈಗ ಸಾಧನದ ಪರದೆಯಲ್ಲಿ ಎಡಗಡೆ ತಾರೀಕು, ಅದರ ಪಕ್ಕ ಆ ದಿನದ ಮಳೆ ಮತ್ತು ಅಪ್ಪನ ಷರಾ, ಬಲಗಡೆ ಆ ದಿನದ ಎಳೆಗಳು. ‘ಗುಡುಗು’ ಅಂತ ಹುಡುಕಿದರೆ ಗುಡುಗಿದ ದಿನಗಳ ಓದು ಬರುತ್ತದೆ. ಎಳೆಯ ಪಕ್ಕದಲ್ಲೂ ಒಂದು ಸಾಲಿನ ಷರಾಕ್ಕೆ ಜಾಗ ಇಟ್ಟಿದ್ದೇನೆ. ಅರವತ್ತು ಅಕ್ಷರ ಮೀರಿದರೆ ತೆಗೆದುಕೊಳ್ಳುವುದಿಲ್ಲ, ಯಾಕೆಂದರೆ ಉದ್ದ ಬರೆಯಬೇಕು ಅನ್ನಿಸಿದರೆ ಯಾರೂ ಬರೆಯುವುದೇ ಇಲ್ಲ. ‘ನೋಡಿದ್ದೆಲ್ಲ ಬರ್ದಿಟ್ಕಂಡ್ರೆ ಓದೋರ್ಯಾರು?’ ಅಂತ ಅಪ್ಪ ಶುರುವಿನಲ್ಲೇ ಕೇಳಿದ್ದರು. ಆ ಪ್ರಶ್ನೆಯಿಂದಾಗಿಯೇ ಮುಖಪುಟದಲ್ಲಿ ದಿನಕ್ಕೆ ಮೂರು ಎಳೆಗಿಂತ ಹೆಚ್ಚು ತೋರಿಸುವುದಿಲ್ಲ.

ಎಳೆಯ ಕೊನೆಯ ಪುಟದ ಪಠ್ಯವನ್ನೂ ಉಳಿಸಿಕೊಳ್ಳುತ್ತೇನೆ. ವಿಳಾಸ ಇದ್ದರೆ ಪುಟ ಇದೆ ಅಂತ ಅಲ್ಲ. ಪ್ಯೂ ಸಂಶೋಧನಾ ಸಂಸ್ಥೆ 2024ರಲ್ಲಿ ಹೇಳಿದಂತೆ, 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇಕಡಾ 38ರಷ್ಟು ಹತ್ತು ವರ್ಷದ ಮೇಲೆ ತೆರೆಯುತ್ತಿರಲಿಲ್ಲ. ಚಿತ್ರ, ವಿಡಿಯೋ ಬಿಟ್ಟು ಬರೀ ಅಕ್ಷರ ಉಳಿಸಿದರೆ ಜಾಗ ಬಹಳ ಕಡಿಮೆ ಸಾಕು. ಕತ್ತಿಯ ಫೋಟೋದಂಥದ್ದು ಬೇಕಾದಾಗ ಮಾತ್ರ ಕೈಯಾರೆ ಒತ್ತಿ ಉಳಿಸುತ್ತೇನೆ.

ಮುಚ್ಚಿಡುವುದು, ಅಳಿಸುವುದು

ಸಾಧನದ ಮೊದಲ ಆವೃತ್ತಿ ಬೆಳಗ್ಗೆ ತೆರೆದ ಕೂಡಲೇ ‘ಹೋದ ವರ್ಷ ಇದೇ ವಾರ’ ಅಂತ ತಾನಾಗಿ ತೋರಿಸುತ್ತಿತ್ತು. ಅದನ್ನು ಒಳ್ಳೆಯ ಯೋಚನೆ ಅಂದುಕೊಂಡಿದ್ದೆ. ಒಂದು ದಿನ ಅಮ್ಮ ಪಕ್ಕದಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪರದೆ ತೆರೆದರೆ ಮೇಲಿಂದ ಕೆಳಗಿನವರೆಗೆ ಅವಳ ಗೆಡ್ಡೆಯ ಬಗ್ಗೆ ನಾನು ಹಿಂದಿನ ವರ್ಷ ರಾತ್ರಿ ಎರಡು ಗಂಟೆಗೆ ಹುಡುಕಿದ್ದ ಪ್ರಶ್ನೆಗಳು. ಆಪರೇಷನ್ ಆಗಿ ಅಮ್ಮ ಚೆನ್ನಾಗಿಯೇ ಇದ್ದಳು. ಆದರೆ ಆ ಪ್ರಶ್ನೆಗಳನ್ನು ಅವಳು ಮೊದಲ ಸಲ ಓದಿದಳು. ನಾನು ಎಷ್ಟು ಹೆದರಿದ್ದೆ ಅಂತ ಅವಳಿಗೆ ಗೊತ್ತಿರಲಿಲ್ಲ. ‘ಇದ್ಯಾಕೆ ಈಗ’ ಅಂದು ಮೊರ ಎತ್ತಿಕೊಂಡು ಒಳಗೆ ಹೋದಳು.

ಆವತ್ತಿನ ರಾತ್ರಿಯೇ ತಾನಾಗಿ ತೋರಿಸುವುದನ್ನು ತೆಗೆದುಹಾಕಿದೆ. ಈಗ ಕೇಳಿದರೆ ಮಾತ್ರ ತೋರಿಸುತ್ತದೆ. ಅದರ ಜೊತೆ ಎರಡು ಗುಂಡಿ ಸೇರಿಸಿದೆ, ಎರಡೂ ಬೇರೆ ಬೇರೆ ಕೆಲಸದವು. ‘ಮುಚ್ಚಿಡು’ ಅಂದರೆ ಒಂದು ಎಳೆಯನ್ನೋ, ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ ಅನ್ನುವ ಅವಧಿಯನ್ನೋ ಕಣ್ಣಿಗೆ ಬೀಳದಂತೆ ಇಡುವುದು. ಮುಂದೆ ಬೇಕಾದರೆ ತೆರೆಯಬಹುದು. ‘ಅಳಿಸು’ ಅಂದರೆ ಇಲ್ಲವಾಗಿಸುವುದು.

ಇಲ್ಲವಾಗಿಸುವುದು ಕೇಳಿದಷ್ಟು ಸುಲಭವಲ್ಲ. ಎಸ್‌ಕ್ಯೂಲೈಟ್‌ನಲ್ಲಿ ಒಂದು ಸಾಲನ್ನು ಅಳಿಸಿದರೆ ಸಾಮಾನ್ಯವಾಗಿ ಆ ಜಾಗ ಖಾಲಿ ಎಂದು ಗುರುತು ಬೀಳುತ್ತದೆ, ಅಷ್ಟೆ. ಹೊಸದೇನಾದರೂ ಅದರ ಮೇಲೆ ಬಂದು ಕೂರುವವರೆಗೆ ಹಳೇ ಅಕ್ಷರಗಳು ಕಡತದೊಳಗೇ ಇರುತ್ತವೆ. ಅಳಿಸುವಾಗಲೇ ಸೊನ್ನೆ ಬರೆಯುವ ಆಯ್ಕೆಯನ್ನು ಹಾಕಿಕೊಳ್ಳಬೇಕು, ಇಲ್ಲವೇ ಕಡತವನ್ನೇ ಹೊಸದಾಗಿ ಕಟ್ಟುವ ಆಜ್ಞೆ ಕೊಡಬೇಕು. ಅದಾದ ಮೇಲೂ ಹುಡುಕಲು ಮಾಡಿಕೊಂಡ ಪದಸೂಚಿ, ಉಳಿಸಿದ ಪುಟದ ಪಠ್ಯ, ಷರಾ, ಪೆನ್‌ಡ್ರೈವ್‌ನಲ್ಲಿರುವ ಬ್ಯಾಕಪ್, ನಾಲ್ಕು ಕಡೆ ನೆರಳು ಉಳಿದಿರುತ್ತದೆ. ನಾಲ್ಕನ್ನೂ ಅಳಿಸಿ, ಬ್ಯಾಕಪ್ ಮತ್ತೆ ಮಾಡು ಅಂತ ನೆನಪಿಸುವವರೆಗೆ ನನ್ನ ‘ಅಳಿಸು’ ಮುಗಿಯಿತು ಅನ್ನುವುದಿಲ್ಲ.

ಒಂದೇ ಕಂಪ್ಯೂಟರನ್ನು ಮನೆಯವರೆಲ್ಲ ಬಳಸುವ ಕಡೆ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು. ಹಿಸ್ಟರಿಗೆ ಯಾರ ಬೆರಳು ಅಂತ ಗೊತ್ತಿರುವುದಿಲ್ಲ. ಅತ್ತಿಗೆ ಹುಡುಕಿದ್ದು ನನ್ನ ನೆನಪಾಗಿ ಕೂರಬಾರದು, ನಾನು ಅದನ್ನು ಓದಲೂಬಾರದು. ನಮ್ಮಲ್ಲಿ ಈಗ ಒಬ್ಬೊಬ್ಬರಿಗೂ ಬೇರೆ ಲಾಗಿನ್ ಇದೆ. ನನ್ನದಷ್ಟೇ ಸಾಧನಕ್ಕೆ ಹೋಗುತ್ತದೆ. ಡೇಟಾ ಮನೆ ಬಿಟ್ಟು ಹೊರಗೆ ಹೋಗುವುದಿಲ್ಲ, ಡಿಸ್ಕ್‌ಗೆ ಪಾಸ್‌ವರ್ಡ್ ಬೀಗ ಇದೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದ್ದು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ಕೇಂದ್ರದ 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣೆ ಕಾಯ್ದೆ, ವ್ಯಕ್ತಿಯೊಬ್ಬರು ಸ್ವಂತಕ್ಕೋ ಮನೆಮಟ್ಟಿಗೋ ಇಟ್ಟುಕೊಳ್ಳುವ ಡೇಟಾಕ್ಕೆ ಅನ್ವಯಿಸುವುದಿಲ್ಲ. ಅಂದರೆ ಮನೆಯೊಳಗಿನ ಮರ್ಯಾದೆಯನ್ನು ಕಾನೂನು ಕಾಯುವುದಿಲ್ಲ, ಸಾಧನ ಮಾಡುವವರೇ ಕಾಯಬೇಕು. 2024ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಕೆಲವೇ ಸೆಕೆಂಡಿಗೊಮ್ಮೆ ಪರದೆಯ ಚಿತ್ರ ತೆಗೆದಿಡುವ ರೀಕಾಲ್ ಎಂಬುದನ್ನು ಪ್ರಕಟಿಸಿದಾಗ ಭದ್ರತಾ ತಜ್ಞರಿಂದ ಬಲವಾದ ವಿರೋಧ ಬಂತು. ಕಂಪನಿ ಅದನ್ನು ಮುಂದೂಡಿ, ಬಳಸುವವರು ತಾವಾಗಿ ಒಪ್ಪಿದರೆ ಮಾತ್ರ ಶುರುವಾಗುವಂತೆ ಬದಲಾಯಿಸಿತು. ಎಲ್ಲವನ್ನೂ ಹಿಡಿದಿಡುವುದು ನೆನಪಿಗೆ ಸಹಾಯ ಎಂಬ ನಂಬಿಕೆಯೇ ತಪ್ಪು ಅಂತ ನನಗನ್ನಿಸುತ್ತದೆ. ಅಪ್ಪ ಮಳೆ ಬರೆದರು, ಮನೆಗೆ ಯಾರು ಬಂದರು, ಯಾರು ಏನು ಅಂದರು ಅಂತ ಬರೆಯಲಿಲ್ಲ. ಅದಕ್ಕೇ ಆ ಪುಸ್ತಕ ಜಗಲಿಯಲ್ಲಿ ತೆರೆದೇ ಇದೆ.

ಮೊದಲು ಕಳೆದುಹೋದ ಆ ಪುಟ ಮತ್ತೆ ಸಿಗಲಿಲ್ಲ. ಹೋದ ವರ್ಷ ಅಂಥದ್ದೇ ಇನ್ನೊಂದು ಸಿಕ್ಕಿತ್ತು, ಕತ್ತಿಯ ಅಲಗಿನ ಮೇಲೆ ಕೆಂಪು ಕೂತ ಚಿತ್ರ ಸಮೇತ, ಉಳಿಸಿಟ್ಟಿದ್ದೆ. ಈ ಮೇ ತಿಂಗಳು ಡ್ರಮ್ಮಿಗೆ ಸುಣ್ಣ ಸುರಿಯುವ ಮುಂಚೆ ಅಪ್ಪ ಒಳಗೆ ಬಂದರು. ‘ಕತ್ತಿ’ ಅಂತ ಟೈಪ್ ಮಾಡಿದೆ, ಒಂದೇ ಎಳೆ ಬಂತು, ಪಕ್ಕದಲ್ಲಿ ಆ ದಿನದ 35 ಸೆಂಟ್ ಮಳೆ. ಚಿತ್ರ ನೋಡಿ ಹೊರಗೆ ಹೋದವರು ಸಂಜೆ ಕೈಕಾಲು ತೊಳೆದು ಬಂದು ಮಳೆ ಪುಸ್ತಕ ಇಳಿಸಿದರು. ಷರಾ ಕಾಲಂನಲ್ಲಿ ಹೀಗೆ ಬರೆದಿದ್ದಾರೆ: ‘ಬೋರ್ಡೋ, ಕೆಳಗಿನ ಪಟ್ಟೆ. ಕತ್ತಿ ನೋಡಿದೆ, ಕೆಂಪಿಲ್ಲ. ಪುಟ ಕಂಪ್ಯೂಟರಿನಲ್ಲಿದೆ.’